ಬೇಲಿ ಕಾಯೋರು ಯಾರು?



ಏಡ್ಸ್, ಕ್ಷಯ, ಮಲೇರಿಯಾ. ಈ ಮೂರೂ ಹೆಚ್ಚಾಗಿ ತಿನ್ನುವುದು ಬಡವರನ್ನೇ. ಇವುಗಳ ವಿರುದ್ಧ ಹೋರಾಡಲು ದೇಶದೇಶಗಳಿಗೆ ಹಣ ಕೊಡುವ ಗ್ಲೋಬಲ್ ಫಂಡ್ 2002ರಲ್ಲಿ ಹುಟ್ಟಿತು. ಕಛೇರಿ ಇರೋದು ಜಿನೀವಾದಲ್ಲಿ. ಅಲ್ಲಿಂದ ಬರುವ ಹಣಕ್ಕೆ ಅರ್ಜಿ ಹಾಕಲು, ಬಂದ ಹಣದ ಮೇಲೆ ಕಣ್ಣಿಡಲು ಆಯಾ ದೇಶದಲ್ಲೇ ಒಂದು ಸಮನ್ವಯ ಸಮಿತಿ ಇರಬೇಕೆಂದು ನಿಯಮ.

ಆಫ್ರಿಕದ ಉಗಾಂಡದಲ್ಲೂ ಆ ಸಮಿತಿ ಇತ್ತು. ಆದರೂ ಏನಾಯ್ತು? 2005ರ ಆಗಸ್ಟ್‌ನಲ್ಲಿ ಲೆಕ್ಕ ತಪಾಸಣೆಯಿಂದ ಅವ್ಯವಹಾರ ಬಯಲಾಗಿ, ಆ ದೇಶದ ಐದೂ ಅನುದಾನಗಳನ್ನು ಫಂಡ್ ತಡೆಹಿಡಿಯಿತು. ನ್ಯಾಯಮೂರ್ತಿ ಜೇಮ್ಸ್ ಒಗೂಲ ಅವರ ವಿಚಾರಣಾ ಆಯೋಗ ಕೂತಿತು. 2009ರಲ್ಲಿ ಸರ್ಕಾರದ ಆಂತರಿಕ ಭದ್ರತಾ ಸಂಸ್ಥೆಯ ನಿರ್ದೇಶಕನೊಬ್ಬನಿಗೆ 10 ವರ್ಷ ಜೈಲಾಯಿತು. ರೋಗಿಗಳ ಹಣ ನುಂಗಲು ಆತ ಬಳಸಿದ ಸಂಸ್ಥೆಯ ಹೆಸರೇನು ಗೊತ್ತೇ? ‘ಉಗಾಂಡ ಉತ್ತರದಾಯಿತ್ವ ಕೇಂದ್ರ’! ಬೇಲಿಯೇ ಎದ್ದು ಹೊಲ ಮೇಯೋದು ಅಂದ್ರೆ ಇದೇ.

ಇದು ದೂರದ ಕಥೆಯಲ್ಲ. 2008ರಲ್ಲಿ ವಿಶ್ವಬ್ಯಾಂಕ್ ನಮ್ಮ ದೇಶದ ಐದು ಆರೋಗ್ಯ ಯೋಜನೆಗಳ ಕಡತ ಬಿಚ್ಚಿ ನೋಡಿ, ವಂಚನೆ ಭ್ರಷ್ಟಾಚಾರದ ಗಂಭೀರ ಕುರುಹುಗಳಿವೆ ಎಂದಿತು. ಅವುಗಳಲ್ಲೂ ಏಡ್ಸ್, ಕ್ಷಯ, ಮಲೇರಿಯಾ ಯೋಜನೆಗಳಿದ್ದವು.

ಕದ್ದರೆ ಹಣ ನಿಲ್ಲಿಸಿ ಅಂತಾರೆ. ಯಾರಿಗೆ ಶಿಕ್ಷೆ? ಕ್ಷಯದ ಮಾತ್ರೆಯನ್ನು ಕಡಿಮೆಯೆಂದರೂ ತಿಂಗಳುಗಟ್ಟಲೆ ಬಿಡದೆ ನುಂಗಬೇಕು. ನಡುವೆ ತಪ್ಪಿದರೆ ಕಾಯಿಲೆ ಮದ್ದಿಗೆ ಬಗ್ಗದೆ ತಿರುಗಿ ಬೀಳುತ್ತದೆ. ಸಾಹೇಬ ತಿಂದದ್ದಕ್ಕೆ ಕೂಲಿಯವಳು ರಕ್ತ ಕಾರಬೇಕೇ?

ತಪಾಸಣೆ ಬರೋದು ಕಳ್ಳ ಹೋದ ಮೇಲೆ. ಹಣ ಖರ್ಚಾಗುತ್ತಿರುವಾಗಲೇ ನೋಡಬೇಕಾದದ್ದು ಸಮಿತಿ. ಅದಕ್ಕೆ ಬಲ ಬರಬೇಕಾದರೆ ಕಾಯಿಲೆ ಅನುಭವಿಸಿದವರು ಅಲ್ಲಿ ಕೂರಬೇಕು. ಅವರನ್ನು ಅವರ ಜನವೇ ಆರಿಸಬೇಕು, ಮಂತ್ರಿ ಅಲ್ಲ. ಹಣ ಪಡೆಯುವ ಸಂಸ್ಥೆಯವನು ಅದರ ತೀರ್ಮಾನವಾಗುವಾಗ ಎದ್ದು ಹೊರಗೆ ಹೋಗಬೇಕು. ಈ ಮಾತುಗಳು ಫಂಡಿನ ನಿಯಮಗಳಲ್ಲೇ ಇವೆ. ಕಾಗದದಲ್ಲಿದ್ದರೆ ಸಾಲದು. ಕುರ್ಚಿ ಕೊಟ್ಟು ಕಡತ ಕೊಡದಿದ್ದರೆ ಅದು ಸದಸ್ಯತ್ವವಲ್ಲ, ಹೆಬ್ಬೆಟ್ಟು ಒತ್ತಿಸಿಕೊಳ್ಳೋ ಉಪಾಯ. ಕಡತ ಮುಂಚಿತವಾಗಿ, ಅವರ ಭಾಷೆಯಲ್ಲಿ ಕೈಗೆ ಬರಬೇಕು. ಬಸ್ ಚಾರ್ಜು, ಒಂದು ದಿನದ ಕೂಲಿ ಸಿಗಬೇಕು. ಆಸ್ಪತ್ರೆಯ ಔಷಧಿ ದಾಸ್ತಾನು ಪುಸ್ತಕವನ್ನು ತೆರೆಸಿ ನೋಡೋ ಅಧಿಕಾರ ಬೇಕು.

ಈ ಫಂಡಿನ ಹಣ ಪಡೆದ ನಮ್ಮ ದೇಶದಲ್ಲೂ ಅಂಥ ಸಮಿತಿ ಇದೆ. ಅದರಲ್ಲಿ ಯಾರಿದ್ದಾರೆ, ಯಾರು ಆರಿಸಿದರು ಅಂತ ನಾವು ಕೇಳಿದ್ದೇವೆಯೇ? ಹಾಸ್ಟೆಲಿನ ಅಕ್ಕಿ ಬೇಳೆಯ ಲೆಕ್ಕ ಕೇಳಿ ಬೈಸಿಕೊಂಡವರು ನಾವು. ಲೆಕ್ಕ ಕೇಳಿದರೆ ಯಾರಿಗೆ ಉರಿಯುತ್ತೆ ಅನ್ನೋದು ನಮಗೆ ಗೊತ್ತು. ಓದು ಕಲಿತ ನಾವು ದಾಸ್ತಾನು ಪುಸ್ತಕ ಓದೋದನ್ನೂ ಕಲಿಯೋಣ. ನಮ್ಮೂರ ಆಸ್ಪತ್ರೆಯಿಂದಲೇ ಶುರು ಮಾಡೋಣ.