ಲಾರಿಯ ಲೆಕ್ಕ ಮೊಬೈಲಿಗೆ ಬಂದರೆ ಯಾರಿಗೆ ಲಾಭ?

ನಮ್ಮ ಜಮಾಅತ್‌ಗಳಲ್ಲಿ ಲಾರಿ ಇಲ್ಲದ ಮನೆ ಬೇಕಾದಷ್ಟು ಸಿಗಬಹುದು. ಲಾರಿಯ ಸಂಬಂಧವೇ ಇಲ್ಲದ ಮನೆ ಸಿಗುವುದು ಕಷ್ಟ. ಒಬ್ಬರು ಮಾಲಕರು, ಇನ್ನೊಬ್ಬರು ಡ್ರೈವರ್, ಮತ್ತೊಬ್ಬರು ಧಕ್ಕೆಯಿಂದ ಮೀನು ಕಳಿಸುವವರು. ಇತ್ತೀಚೆಗೆ ಈ ಮನೆಗಳಲ್ಲೆಲ್ಲ ಒಂದೇ ಚರ್ಚೆ. ಲಾರಿಗೆ ಜಿಪಿಎಸ್ ಹಾಕಬೇಕಾ, ಬಾಡಿಗೆಯ ಲೆಕ್ಕವನ್ನೆಲ್ಲ ಸಾಫ್ಟ್‌ವೇರಿಗೆ ಕೊಡಬೇಕಾ ಎಂದು. ಇದಕ್ಕೆ 'ಟ್ರಾನ್ಸ್‌ಪೋರ್ಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್' ಅಂತ ದೊಡ್ಡ ಹೆಸರುಂಟು. ಹೆದರಬೇಕಾದ್ದೇನಿಲ್ಲ. ಯಾವ ಲೋಡು ಯಾವ ಗಾಡಿಗೆ, ಯಾವ ದಾರಿ, ಡೀಸೆಲ್ ಎಷ್ಟು, ಟೋಲ್ ಎಷ್ಟು, ಬಿಲ್ ಆಯಿತಾ ಇಲ್ಲವಾ, ಇಷ್ಟನ್ನು ಒಂದೇ ಕಡೆ ತೋರಿಸುವ ಪುಸ್ತಕ ಅದು.

ಹಳೆಯ ಮಾಲಕರು ಹೇಳುವುದು, "ನಮ್ಮದೆಲ್ಲ ಬಾಯಿ ಮಾತಿನ ವ್ಯವಹಾರ ಉಸ್ತಾದ್, ನಂಬಿಕೆ ಸಾಕು" ಎಂದು. ನಂಬಿಕೆ ಬೇಕು, ಆದರೆ ಬರೆದಿಟ್ಟರೆ ನಂಬಿಕೆ ಕಡಿಮೆಯಾಗುತ್ತದೆ ಎಂದು ಯಾರು ಹೇಳಿದ್ದು? ಕುರ್‌ಆನಿನ ಅತಿ ಉದ್ದದ ಆಯತ್, ಸೂರಾ ಬಖರಾದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವುದರ ಬಗ್ಗೆಯೇ ಇರುವುದು. ತಿಂಗಳುಗಟ್ಟಲೆ ಬಾಕಿ ನಿಲ್ಲುವ ಲಾರಿ ಬಾಡಿಗೆ ಸಾಲವಲ್ಲದೆ ಮತ್ತೆಂತ?

ಬಾಕಿ ನಿಲ್ಲುವುದು ಹೇಗೆ ಎಂದು ನೋಡಿ. ಸರಕು ಇಳಿಸಿದ ಮೇಲೆ ಸಹಿ ಹಾಕಿದ ಎಲ್‌ಆರ್ ಪ್ರತಿ ಕೈಗೆ ಬಾರದೆ ಪಾರ್ಟಿ ಹಣ ಕೊಡುವುದಿಲ್ಲ. ಆ ಕಾಗದ ಡ್ರೈವರನ ಸೀಟಿನಡಿ ಊರೂರು ಸುತ್ತಿ, ಮಳೆಗೆ ನೆನೆದು, ವಾರ ಕಳೆದು ಆಫೀಸಿಗೆ ಬರುತ್ತದೆ. ಇಳಿಸಿದಲ್ಲೇ ಫೋಟೋ ತೆಗೆದು ಕಳಿಸಿದರೆ ಅದೇ ದಿನ ಬಿಲ್ ಮಾಡಬಹುದು. ಈ ಒಂದು ಕೆಲಸಕ್ಕಾದರೂ ಸಾಫ್ಟ್‌ವೇರ್ ಬೇಕು.

ಮತ್ತೆ ಇ-ವೇ ಬಿಲ್. 50 ಸಾವಿರ ರೂಪಾಯಿಗಿಂತ ಹೆಚ್ಚಿನ ಸರಕಿಗೆ 2018ರಿಂದ ಇದು ಬಂದಿದೆ. (ಹಸಿ ಮೀನಿಗೆ ಬೇಡ, ಅದೊಂದು ಸಮಾಧಾನ.) ಈಗ ಪ್ರತಿ 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕ. ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 350, ಅಂದರೆ ಎರಡು ದಿನ. 2024ರ ಜುಲೈಯಂತೆ ಶಿರಾಡಿಯಲ್ಲಿ ಗುಡ್ಡ ಜರಿದು ಗಾಡಿಗಳು ಸಾಲಾಗಿ ನಿಂತರೆ ಅವಧಿ ಅಲ್ಲೇ ಮುಗಿಯುತ್ತದೆ. ಮುಗಿಯುವ 8 ಗಂಟೆ ಮೊದಲು ಅಥವಾ ಮುಗಿದ 8 ಗಂಟೆಯೊಳಗೆ ಅವಧಿ ವಿಸ್ತರಿಸಿಕೊಳ್ಳಬಹುದು. ಆದರೆ ಅದು ಯಾರಿಗಾದರೂ ನೆನಪಿರಬೇಕಲ್ಲ? ಗಾಡಿ ಘಾಟಿಯಲ್ಲಿ ಸಿಕ್ಕಿಬಿದ್ದದ್ದು ಪರದೆಯಲ್ಲಿ ಕಂಡರೆ ಆಫೀಸಿನಲ್ಲಿ ಕೂತವರೇ ಮಾಡಬಹುದು. ಬಿಕಾಂ ಮುಗಿಸಿ ಮನೆಯಲ್ಲಿರುವ ನಮ್ಮ ಹೆಣ್ಮಕ್ಕಳು ಮನೆಯಿಂದಲೇ ಮಾಡಬಲ್ಲ ಕೆಲಸ ಇದು. ಬಾಪನ ಲಾರಿಯ ಲೆಕ್ಕ ಮಗಳು ನೋಡಿದರೆ ತಪ್ಪೇನು?

ಇನ್ನು ಡ್ರೈವರ್‌ಗಳ ಮಾತು. ಅವರ ಬೇಸರ ಸುಳ್ಳಲ್ಲ. ಜಿಪಿಎಸ್ ಹಾಕಿದ ಕೆಲವು ಮಾಲಕರು ಅದನ್ನು ಬೈಯಲಿಕ್ಕೆ ಮಾತ್ರ ಉಪಯೋಗಿಸುತ್ತಾರೆ. "ಯಾಕೆ ನಿಲ್ಲಿಸಿದ್ದು, ಎಷ್ಟೊತ್ತು ಚಾ ಕುಡಿಯುವುದು" ಎಂದು ಹತ್ತು ನಿಮಿಷಕ್ಕೊಮ್ಮೆ ಫೋನು. ಘಾಟಿಯ ತಿರುವಿನಲ್ಲಿ ಫೋನು ಎತ್ತಬೇಕಾದವನು ಒಬ್ಬ ಮನುಷ್ಯ ಮಾರಾಯ್ರೆ. ಅದೇ ಯಂತ್ರ ಅವನು ಎಷ್ಟು ಹೊತ್ತಿನಿಂದ ನಿದ್ದೆ ಬಿಟ್ಟು ಓಡಿಸುತ್ತಿದ್ದಾನೆ ಎಂದೂ ತೋರಿಸುತ್ತದೆ, ಅದನ್ನು ಮಾತ್ರ ಯಾರೂ ನೋಡುವುದಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ ಕೆಲಸ ಎಂದಿತು, 5 ಗಂಟೆಯ ಮೇಲೆ ಅರ್ಧ ಗಂಟೆ ವಿಶ್ರಾಂತಿ ಎಂದಿತು. ಐದು ಜನರಿಗಿಂತ ಕಡಿಮೆ ಇದ್ದ ಸಣ್ಣ ಮಾಲಕರಿಗೆ ಆ ಕಾಯ್ದೆ ಅನ್ವಯಿಸದೆ ಇದ್ದಿರಬಹುದು. ನಿದ್ದೆ ಎಲ್ಲರಿಗೂ ಅನ್ವಯಿಸುತ್ತದೆ.

ಫ್ಯಾಕ್ಟರಿ ಗೇಟಿನಲ್ಲಿ ಗಾಡಿ ಎರಡು ದಿನ ಕಾದದ್ದಕ್ಕೂ ಈಗ ಗಂಟೆ ಸಮೇತ ದಾಖಲೆ ಸಿಗುತ್ತದೆ. ಮೊದಲು ಹಾಲ್ಟಿಂಗ್ ಕೇಳಿದರೆ ಪಾರ್ಟಿ "ಯಾವಾಗ ಬಂದಿರಿ" ಎಂದು ಕೈ ಝಾಡಿಸುತ್ತಿತ್ತು. ಆ ದಾಖಲೆ ತೋರಿಸಿ ಮಾಲಕರು ಹಣ ವಸೂಲು ಮಾಡಿದರೆ, ಬಿಸಿಲಲ್ಲಿ ಗಾಡಿಯಡಿ ಮಲಗಿ ಕಾದವನ ಬತ್ತ ಎಷ್ಟು? ಬರೆಯುವವನಿಗೂ ಸಾಕ್ಷಿಗೂ ತೊಂದರೆ ಆಗಬಾರದು ಎಂದು ಅದೇ ಆಯತ್‌ನಲ್ಲಿ ಉಂಟು. ಇಲ್ಲಿ ಸಾಕ್ಷಿ ಡ್ರೈವರನೇ.

ಆದ್ದರಿಂದ ಮಾಲಕರಲ್ಲಿ ಒಂದು ಮಾತು. ಜಿಪಿಎಸ್ ಹಾಕುವ ಮೊದಲು ಡ್ರೈವರನ್ನು ಕೂರಿಸಿ, ಹಾಲ್ಟಿಂಗಿನ ದಿನಕ್ಕೆ ಅವನಿಗೆಷ್ಟು, ರಾತ್ರಿ ಎಷ್ಟು ಗಂಟೆ ನಿದ್ದೆ ಎಂಬುದನ್ನು ಬರೆದು ಅವನ ಕೈಗೂ ಒಂದು ಪ್ರತಿ ಕೊಡಿ. ಲಾರಿ ಎಲ್ಲಿದೆ ಎಂದು ನೋಡುವ ಲಿಂಕನ್ನು ಅವನ ಮನೆಯವರಿಗೂ ಕಳಿಸಿ, ಅಪರಾತ್ರಿ "ಎಲ್ಲಿ ಮುಟ್ಟಿದಿರಿ" ಎಂದು ಫೋನು ಮಾಡುವುದಾದರೂ ತಪ್ಪಲಿ.