ಮಕ್ಕಳ ಮನಸ್ಸಿಗೆ ಮದ್ದು ಅರೆಯುವ ಮೊದಲು

ಉಪ್ಪಳದ ರೈಲು ನಿಲ್ದಾಣದಲ್ಲಿ ಬೆಳಗ್ಗಿನ ಹೊತ್ತು ನಿಂತವರಿಗೆ ಈ ದೃಶ್ಯ ಹೊಸತಲ್ಲ. ಮಂಗಳೂರಿಗೂ ಕಾಸರಗೋಡಿಗೂ ಓದಲು ಹೊರಟ ನಮ್ಮ ಹುಡುಗ ಹುಡುಗಿಯರು ತಲೆ ತಗ್ಗಿಸಿ ಮೊಬೈಲಿನಲ್ಲಿ ಮುಳುಗಿರುತ್ತಾರೆ. "ಮೊಬೈಲು ಬಂದು ಮಕ್ಕಳು ಹಾಳಾದರು" ಎಂದು ಹಿರಿಯರಾದ ನಾವು ಒಂದು ಮಾತು ಎಸೆದು ಕೈ ತೊಳೆದುಕೊಳ್ಳುತ್ತೇವೆ. ಆದರೆ ಮನೆಯವರೆಲ್ಲ ಮಲಗಿದ ಮೇಲೆ, ಎದೆಯೊಳಗಿನ ಸಂಕಟವನ್ನು ಯಾರಲ್ಲಿ ಹೇಳಲೆಂದು ತೋಚದ ಮಗುವಿನ ಕೈಯಲ್ಲಿ ಉಳಿಯುವುದೂ ಅದೇ ಮೊಬೈಲು ಎಂಬುದನ್ನು ನಾವು ಯೋಚಿಸಿದ್ದುಂಟೇ?

ಸಂಗತಿ ಸಣ್ಣದಲ್ಲ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು 13ರಿಂದ 17ರ ವಯಸ್ಸಿನವರಲ್ಲಿ ಶೇಕಡಾ 7.3 ಮಂದಿಗೆ ಮಾನಸಿಕ ತೊಂದರೆಯಿದೆ ಎಂದು ಹೇಳಿತು. ಈ ಲೆಕ್ಕವನ್ನು 40 ಮಕ್ಕಳ ಒಂದು ತರಗತಿಗೆ ಹಚ್ಚಿದರೆ ಸುಮಾರು 3 ಮಕ್ಕಳು. ನಮ್ಮ ಮನೆಯ ಮಗು ಆ ಮೂವರಲ್ಲಿ ಇಲ್ಲವೆಂದು ಯಾರೂ ಎದೆ ತಟ್ಟಿ ಹೇಳುವಂತಿಲ್ಲ.

ಸರಕಾರಗಳು ಕೈಕಟ್ಟಿ ಕುಳಿತಿಲ್ಲವೆಂಬುದನ್ನು ಒಪ್ಪಬೇಕು. ಕೇರಳದಲ್ಲಿ 1056 ಸಂಖ್ಯೆಯ 'ದಿಶಾ' ದೂರವಾಣಿ ಸೇವೆ ಇದೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರವು 'ಟೆಲಿ ಮಾನಸ್' ಆರಂಭಿಸಿತು. 14416ಕ್ಕೆ ಹಗಲಿರುಳೆನ್ನದೆ ಯಾರೂ ಉಚಿತವಾಗಿ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ಮೇಲ್ಪಂಕ್ತಿಯ ಸಂಸ್ಥೆ. ಸುಮಾರು 20 ಭಾಷೆಗಳಲ್ಲಿ ಸೇವೆ ದೊರೆಯುತ್ತದೆ. ಅವುಗಳಲ್ಲಿ ಕನ್ನಡವೂ ಒಂದು. 2024ರಲ್ಲಿ ಇದಕ್ಕೊಂದು ಮೊಬೈಲ್ ಆ್ಯಪ್ ಕೂಡ ಬಂದಿದೆ. ಇವೆಲ್ಲ ಸ್ತುತ್ಯರ್ಹ ಕಾರ್ಯಗಳೇ.

ಆದರೆ ಪಟ್ಟಿಯಲ್ಲಿ ಭಾಷೆ ಇರುವುದು ಬೇರೆ, ಮನಸ್ಸಿಗೆ ಮಾತು ಎಟಕುವುದು ಬೇರೆ. ಉಪ್ಪಳದ ಒಂದು ಮಗು ಮನೆಯಲ್ಲಿ ತುಳುವನ್ನೋ ಬ್ಯಾರಿಯನ್ನೋ ಉರ್ದುವನ್ನೋ ಕೊಂಕಣಿ ಯಾ ಮರಾಠಿಯನ್ನೋ ಆಡುತ್ತದೆ. ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ, ಕಾಲೇಜಿನಲ್ಲಿ ಇಂಗ್ಲಿಷ್. ಇಂಥ ಮಗು "ನನಗೆ ಖಿನ್ನತೆಯಾಗಿದೆ" ಎಂದು ಎಂದಾದರೂ ಹೇಳೀತೇ? "ಎಂತದೋ ಒಂದು ನಮೂನೆ ಆಗ್ತದೆ", "ತಲೆಬಿಸಿ", "ಯಾವುದೂ ಬೇಡ ಅನ್ನಿಸ್ತದೆ" ಎಂದು ಹೇಳುತ್ತದೆ. ಈ ಮಾತಿನ ಹಿಂದಿರುವ ಭಾರವನ್ನು ಗ್ರಂಥದ ಕನ್ನಡ ಹಿಡಿಯಲಾರದು.

ಕೊರೋನಾ ಕಾಲದ ಒಂದು ಉದಾಹರಣೆ ಸಾಕು. 2020ರ ಜುಲೈಯಲ್ಲಿ ಕೇರಳ ಪೊಲೀಸ್ ಇಲಾಖೆಯು ಮಕ್ಕಳಿಗಾಗಿ 'ಚಿರಿ' ಎಂಬ ದೂರವಾಣಿ ಯೋಜನೆ ತೆರೆಯಿತು. ಲಾಕ್‌ಡೌನ್ ಆರಂಭವಾದಂದಿನಿಂದ 66 ಮಕ್ಕಳು ಜೀವ ಕಳೆದುಕೊಂಡರೆಂದು ಮುಖ್ಯಮಂತ್ರಿಗಳು ಹೇಳಿದ್ದ ದಿನಗಳವು. ಸ್ಟೂಡೆಂಟ್ ಪೊಲೀಸ್ ಕೆಡೆಟ್‌ಗಳಿಗೆ ತರಬೇತಿ ಕೊಟ್ಟು, ತಮ್ಮದೇ ಪ್ರಾಯದವರೊಡನೆ ಮಾತನಾಡಲು ಹಚ್ಚಿದರು. ಹಿಂದೆ ಪರಿಣತರು ನಿಂತರು. ಮಕ್ಕಳನ್ನು ನಂಬಿದ ಈ ಕ್ರಮ ಮೆಚ್ಚತಕ್ಕದ್ದು. ಆದರೆ ಹೆಸರನ್ನು ಗಮನಿಸಿರಿ. ಮಲಯಾಳದಲ್ಲಿ 'ಚಿರಿ' ಎಂದರೆ ನಗು. ಕನ್ನಡದ ಕಿವಿಗೆ ಅದು 'ಚೀರು' ಎಂದು ಕೇಳಿಸೀತು! ಇದು ಯಾರ ತಪ್ಪೂ ಅಲ್ಲ. ಮಂಜೇಶ್ವರದ ಕಡೆಯ ಹತ್ತು ಮಕ್ಕಳನ್ನು ಕೂಡಿಸಿ ಕೇಳಿದರೆ ತಿಳಿಯುವ ಸಂಗತಿ, ಅಷ್ಟೆ.

ಕೇಳುವುದೆಂದರೆ ಹೇಗೆ? ಸಭೆ ಕರೆದು, ಹಾರ ಹಾಕಿ, ಗಣ್ಯರ ಭಾಷಣ ಕೇಳಿಸಿ ಕಳುಹಿಸುವುದಲ್ಲ. ಯಾವುದಾದರೂ ಗ್ರಂಥಾಲಯದಲ್ಲಿ ಇಪ್ಪತ್ತು ಮಂದಿ ಯುವಕ ಯುವತಿಯರು ಕುಳಿತುಕೊಳ್ಳಲಿ. ಅಂಕ ಗಳಿಸಿದವರು ಮಾತ್ರವಲ್ಲ, ಪರೀಕ್ಷೆಯಲ್ಲಿ ಸೋತವರು, ಅಂಗಡಿಯಲ್ಲಿ ದುಡಿಯುವವರು, ತಂದೆ ಗಲ್ಫಿನಲ್ಲಿರುವ ಮನೆಯವರು, ಒಮ್ಮೆ ಸಂಕಟ ಉಂಡು ಚೇತರಿಸಿಕೊಂಡವರೂ ಇರಲಿ. ಮೊದಲ ದಿನವೇ ಅವರು ಎತ್ತುವ ಪ್ರಶ್ನೆಗಳು ನಮಗೆ ಹೊಳೆಯದಂಥವು: ಅಕ್ಕ ತಂಗಿಯರಿಗೆಲ್ಲ ಒಂದೇ ಮೊಬೈಲು ಇದ್ದರೆ ಬರೆದದ್ದನ್ನು ಅಳಿಸುವುದು ಹೇಗೆ? ಗೋಡೆಯಾಚೆ ಅಜ್ಜಿ ಮಲಗಿರುವಾಗ ಕರೆ ಮಾಡುವುದೆಂತು, ಬರೆದು ಕೇಳಲು ಬರುವುದೇ? ಆ ಕಡೆಯಲ್ಲಿರುವವರು ನಮ್ಮ ಮಾವನ ಪರಿಚಯದವರಾದರೆ? ಹೆಸರು ಹೇಳಲೇಬೇಕೇ? ಇವಕ್ಕೆ ಉತ್ತರವಿಲ್ಲದೆ ಕಟ್ಟಿದ ಆ್ಯಪ್ ಎಷ್ಟು ಚೆಂದವಿದ್ದರೂ ಯಾರೂ ತೆರೆಯರು. ಕರಡು ಸಿದ್ಧವಾದ ಮೇಲೆ ಅವರೇ ಪರೀಕ್ಷಿಸಿ ತಿದ್ದಲಿ. ಅವರ ಬಸ್ಸು ಖರ್ಚು ಮತ್ತು ದಿನದ ಸಂಭಾವನೆ ಕೊಡುವುದು ನ್ಯಾಯ.

"ಮಕ್ಕಳಿಗೆ ರೋಗದ ವಿಷಯ ಏನು ಗೊತ್ತು?" ಎಂದು ಕೇಳುವವರಿದ್ದಾರೆ. ಮದ್ದು ಕೊಡುವುದು ವೈದ್ಯರ ಕೆಲಸವೇ. ಆದರೆ ಬಾಗಿಲು ಎಲ್ಲಿಡಬೇಕು, ಎಷ್ಟು ಅಗಲವಿರಬೇಕೆಂಬುದನ್ನು ಒಳಗೆ ಬರಬೇಕಾದವರೇ ಹೇಳಬೇಕು. ಇನ್ನೊಂದು ಎಚ್ಚರವೂ ಬೇಕು. ಬೇರೆಯವರ ಸಂಕಟವನ್ನೆಲ್ಲ ಮಕ್ಕಳ ತಲೆಗೆ ಕಟ್ಟಬಾರದು. ಜೀವಕ್ಕೆ ಅಪಾಯವಿರುವ ಕಡೆ ಹಿರಿಯ ಪರಿಣತರು ಕೂಡಲೇ ಮುಂದೆ ಬರುವ ಏರ್ಪಾಡು ಇರಲೇಬೇಕು.

ಇದನ್ನು ಬರೆಯುವ ನಾನು ದೊಡ್ಡ ತಿಳಿವಳಿಕೆಯವನೇನಲ್ಲ. ನಮ್ಮ ಸಂಬಂಧದ ಹುಡುಗನೊಬ್ಬ ಹಿಂದೊಮ್ಮೆ ಚಾವಡಿಯಲ್ಲಿ ಕುಳಿತು "ಮಾವ, ಓದಿದ್ದು ಯಾವುದೂ ತಲೆಗೆ ಹೋಗುವುದಿಲ್ಲ, ರಾತ್ರಿ ನಿದ್ದೆ ಇಲ್ಲ" ಎಂದಿದ್ದ. "ಧೈರ್ಯ ತಂದುಕೋ, ಎಲ್ಲ ಸರಿಯಾದೀತು" ಎಂದು ನಾನು ಪೇಪರು ಬಿಡಿಸಿದೆ. ಅವನು ಮತ್ತೆ ನನ್ನಲ್ಲಿ ಆ ಮಾತೆತ್ತಲಿಲ್ಲ. ಇಂದು ಅವನು ಕ್ಷೇಮವಾಗಿದ್ದಾನೆ; ಅದರ ಪುಣ್ಯ ಅವನ ಗೆಳೆಯರದು, ನನ್ನದಲ್ಲ.

ಕಾನೂನಿನ ಬಲವೂ ನಮಗಿದೆ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ಕನ್ನಡದಲ್ಲೇ ಪತ್ರವ್ಯವಹಾರ ನಡೆಸುವ ಹಕ್ಕು ಕೊಟ್ಟಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಮೇರೆಗೆ ರೋಗ ಮತ್ತು ಚಿಕಿತ್ಸೆಯ ವಿವರವನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ಪಂಚಾಯತು, ಆರೋಗ್ಯ ಇಲಾಖೆ, ಕನ್ನಡ ಸಂಘಟನೆಗಳು ಕೂಡಿ ಇದನ್ನು ಕೇಳಿ ಪಡೆಯಬೇಕಾಗಿದೆ.

ಕೊನೆಗೊಂದು ಮಾತು. 1956ರ ನವೆಂಬರ್ 1ರಂದು ಗಡಿರೇಖೆ ಎಳೆದವರು ನಮ್ಮನ್ನು ಕೇಳಲಿಲ್ಲವೆಂದು ನಾವು ಇಂದಿಗೂ ನೊಂದುಕೊಳ್ಳುತ್ತೇವೆ. 1967ರಲ್ಲಿ ಮಹಾಜನ ಆಯೋಗ ಕೊಟ್ಟ ವರದಿ ಮೂಲೆಗೆ ಸೇರಿತೆಂಬ ಕೊರಗೂ ಇದೆ. ಕೇಳದೆ ತೀರ್ಮಾನಿಸುವುದು ಎಂಥ ಅನ್ಯಾಯವೆಂದು ನಮಗಿಂತ ಚೆನ್ನಾಗಿ ಬಲ್ಲವರಾರು? ಹಾಗಿರುವಾಗ ನಮ್ಮ ಚಾವಡಿಯಲ್ಲಿ, ನಮ್ಮ ಮಕ್ಕಳಿಗೆ ನಾವೇ ಆ ಅನ್ಯಾಯ ಮಾಡಬಹುದೇ? ಸಂಬಂಧಪಟ್ಟವರು ಗಮನಿಸುವುದು ಆಮೇಲಾಯಿತು. ಇಂದು ರಾತ್ರಿ ಊಟವಾದ ಮೇಲೆ ಮಗುವಿನ ಬಳಿ ಕುಳಿತು, ಉಪದೇಶ ಮಾಡದೆ, ಒಂದು ಪ್ರಶ್ನೆ ಕೇಳೋಣ. ಉತ್ತರ ಮುಗಿಯುವ ತನಕ ಬಾಯಿ ಮುಚ್ಚಿರೋಣ. 14416 ಎಂಬ ಸಂಖ್ಯೆಯನ್ನು ಕ್ಯಾಲೆಂಡರಿನ ಪಕ್ಕದಲ್ಲಿ ಬರೆದಿಡೋಣ.