ರೋಗಾಣು ಒಂದೇ, ಮೈಗುಣ ಬೇರೆ

ಒಂದೇ ಮನೆ, ಒಂದೇ ನೀರು, ಒಂದೇ ಅಡುಗೆ. ಆದರೂ ಅಣ್ಣ ಟೈಫಾಯ್ಡಿನಿಂದ ಮೂರು ವಾರ ಹಾಸಿಗೆ ಹಿಡಿಯುತ್ತಾನೆ. ತಮ್ಮ ಆರಾಮವಾಗಿ ಓಡಾಡಿಕೊಂಡಿರುತ್ತಾನೆ. ಇದೇಕೆ ಹೀಗೆ ಎಂದು ಕೇಳದ ಮನೆಯವರೇ ಇಲ್ಲ. 'ಅವನು ಹೊರಗಡೆ ಏನೋ ತಿಂದಿದ್ದಾನೆ' ಎಂದು ರೋಗಿಯನ್ನೇ ಗದರುವವರು ಕೆಲವರು. 'ಅದು ಅವರ ವಂಶದಲ್ಲೇ ಬಂದದ್ದು' ಎಂದು ಕೈಚೆಲ್ಲುವವರು ಇನ್ನು ಕೆಲವರು. ಎರಡೂ ಅರ್ಧಸತ್ಯ. ಇದನ್ನು ಮನದಟ್ಟು ಮಾಡಿಕೊಟ್ಟ ಜೀವಿ ಪ್ರಯೋಗಶಾಲೆಯ ಪುಟ್ಟ ಇಲಿ.

ಪ್ರಯೋಗಶಾಲೆಯ ಇಲಿಗಳಲ್ಲಿ ಹಲವು ತಳಿಗಳಿವೆ. ತಲೆಮಾರುಗಳಿಂದ ಒಡಹುಟ್ಟಿದವುಗಳನ್ನೇ ಕೂಡಿಸಿ ಬೆಳೆಸಿದ್ದರಿಂದ, ಒಂದು ತಳಿಯ ಇಲಿಗಳೆಲ್ಲ ಅವಳಿಗಳಂತೆ ಒಂದೇ ವಂಶಗುಣ ಹೊಂದಿರುತ್ತವೆ. ಟೈಫಾಯ್ಡ್ ರೋಗಾಣುವಿನ ಹತ್ತಿರದ ನೆಂಟನಾದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾವನ್ನು ಕೆಲವು ತಳಿಗಳಿಗೆ ಬೆರಳೆಣಿಕೆಯಷ್ಟು ಚುಚ್ಚಿದರೂ ಅವು ಸಾಯುತ್ತವೆ. ಬೇರೆ ತಳಿಗಳು ಅದರ ನೂರಾರು ಪಟ್ಟನ್ನು ತಾಳಿಕೊಳ್ಳುತ್ತವೆ. ಆಹಾರ ಒಂದೇ, ಗೂಡು ಒಂದೇ, ರೋಗಾಣುವೂ ಒಂದೇ. ವ್ಯತ್ಯಾಸವಿರುವುದು ವಂಶವಾಹಿಯಲ್ಲಿ, ಅಂದರೆ ಜೀನಿನಲ್ಲಿ.

ಈ ಜೀನನ್ನು 1993ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಫಿಲಿಪ್ ಗ್ರೋ, ಎಮಿಲ್ ಸ್ಕಾಮೆನ್ ಮತ್ತು ಸಂಗಡಿಗರು ಗುರುತಿಸಿದರು. ಅದಕ್ಕೆ 'ಎನ್‌ರ‍್ಯಾಂಪ್-1' ಎಂದು ಹೆಸರು. ನಮ್ಮ ಮೈಯಲ್ಲಿ ರೋಗಾಣುಗಳನ್ನು ನುಂಗುವ ಮ್ಯಾಕ್ರೊಫೇಜ್ ಎಂಬ ಕಣಗಳಿವೆ. ನುಂಗಿದ ರೋಗಾಣು ಕಣದೊಳಗೆ ಒಂದು ಸಣ್ಣ ಚೀಲದಲ್ಲಿ ಸೆರೆಯಾಗುತ್ತದೆ. ಅಲ್ಲಿ ಬದುಕಿ ಬೆಳೆಯಲು ಅದಕ್ಕೆ ಕಬ್ಬಿಣ, ಮ್ಯಾಂಗನೀಸ್‌ನಂಥ ಲೋಹಾಂಶಗಳು ಬೇಕು. ಈ ಜೀನು ತಯಾರಿಸುವ ಪ್ರೋಟೀನು ಆ ಲೋಹಾಂಶಗಳನ್ನು ಚೀಲದಿಂದ ಹೊರಕ್ಕೆ ಸಾಗಿಸಿ ಸೆರೆಯಾಳನ್ನು ಉಪವಾಸ ಕೆಡವುತ್ತದೆ. ಸೋಲುವ ಇಲಿಗಳಲ್ಲಿ ಈ ಪ್ರೋಟೀನಿನ ಸರಪಳಿಯಲ್ಲಿ ಒಂದೇ ಒಂದು ಕೊಂಡಿ ಬದಲಾಗಿದೆ. ಅಷ್ಟಕ್ಕೇ ಸಾವು ಬದುಕಿನ ಅಂತರ!

ಮನುಷ್ಯರಲ್ಲೂ ವಂಶದ ಪಾತ್ರವನ್ನು ಅಲ್ಲಗಳೆಯುವಂತಿಲ್ಲ. ಡೆನ್ಮಾರ್ಕಿನಲ್ಲಿ ದತ್ತು ಹೋದ ಮಕ್ಕಳನ್ನು ಕುರಿತ ಅಧ್ಯಯನವೊಂದು 1988ರಲ್ಲಿ ಪ್ರಕಟವಾಯಿತು. ಹೆತ್ತವರಲ್ಲಿ ಒಬ್ಬರು 50 ವರ್ಷಕ್ಕೆ ಮೊದಲೇ ಸೋಂಕುರೋಗದಿಂದ ತೀರಿಕೊಂಡಿದ್ದರೆ, ಬೇರೆ ಮನೆಯಲ್ಲಿ ಬೆಳೆದ ಮಗುವಿಗೂ ಸೋಂಕಿನಿಂದ ಸಾಯುವ ಅಪಾಯ ಐದಾರು ಪಟ್ಟು ಹೆಚ್ಚಿತ್ತು.

ಹಾಗಾದರೆ 'ಅವರ ವಂಶದಲ್ಲಿ ಕ್ಷಯವಿದೆ, ಆ ಮನೆಯ ಹೆಣ್ಣು ಬೇಡ' ಎನ್ನುವವರ ಮಾತು ಸರಿಯೇ? ಖಂಡಿತ ಅಲ್ಲ. ಅದಕ್ಕೆ ಕಾರಣವನ್ನೂ ಇಲಿಗಳೇ ಹೇಳುತ್ತವೆ.

ಮೊದಲನೆಯದಾಗಿ, ಎಲ್ಲ ರೋಗಾಣುವಿಗೂ ಎದೆಯೊಡ್ಡುವ 'ಗಟ್ಟಿ ತಳಿ' ಎಂಬುದಿಲ್ಲ. ಸಾಲ್ಮೊನೆಲ್ಲಾವನ್ನು ಗೆಲ್ಲುವ 'ಎ-ಜೆ' ತಳಿಯ ಇಲಿ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾಕ್ಕೆ ಸೋಲುತ್ತದೆ. ಸಾಲ್ಮೊನೆಲ್ಲಾಕ್ಕೆ ಸೋಲುವ 'ಸಿ57 ಬ್ಲ್ಯಾಕ್-6' ತಳಿ ಲಿಸ್ಟೀರಿಯಾವನ್ನು ಗೆಲ್ಲುತ್ತದೆ. ಎನ್‌ರ‍್ಯಾಂಪ್ ಜೀನು ಬಿಸಿಜಿ ಲಸಿಕೆಯ ಸಾಧು ಬ್ಯಾಕ್ಟೀರಿಯಾವನ್ನು ಹದ್ದುಬಸ್ತಿನಲ್ಲಿಡುತ್ತದಾದರೂ, ಇಲಿಗಳಲ್ಲಿ ನಿಜವಾದ ಕ್ಷಯದ ರೋಗಾಣುವಿನ ಮುಂದೆ ಅದರ ಆಟ ಅಷ್ಟಾಗಿ ನಡೆಯುವುದಿಲ್ಲ. ಒಂದು ವಂಶ ಒಳ್ಳೆಯದು, ಇನ್ನೊಂದು ಕೆಟ್ಟದ್ದು ಎಂದು ವಿಂಗಡಿಸಲು ವಿಜ್ಞಾನದಲ್ಲಿ ಆಧಾರವಿಲ್ಲ.

ಎರಡನೆಯದಾಗಿ, ರೋಗಾಣುವೇ ಒಳಹೋಗದಿದ್ದರೆ ದುರ್ಬಲ ಜೀನು ಏನೂ ಮಾಡದು. ಸೋಲುವ ತಳಿಯ ಇಲಿಯೂ ಶುಚಿಯಾದ ಗೂಡಿನಲ್ಲಿ ಪೂರ್ಣಾಯುಷ್ಯ ಬದುಕುತ್ತದೆ. ಗೆಲ್ಲುವ ತಳಿಗೂ ಮಿತಿಮೀರಿ ರೋಗಾಣು ಹೊಕ್ಕರೆ ಉಳಿಗಾಲವಿಲ್ಲ. 'ನಮ್ಮ ಹುಡುಗನದು ಗಟ್ಟಿ ಜೀವ, ಏನೂ ಆಗದು' ಎಂದು ಕೊಳಕು ನೀರು ಕುಡಿಸುವವರು ಇದನ್ನು ಮರೆಯಬಾರದು.

ಮೂರನೆಯದು ಮುಖ್ಯವಾದದ್ದು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡದಲ್ಲಿ 2,800 ಕ್ಷಯರೋಗಿಗಳ ಮನೆಗಳಲ್ಲಿ ಅಧ್ಯಯನ ನಡೆಸಿ 2023ರಲ್ಲಿ ಪ್ರಕಟಿಸಿದರು. ಒಂದು ಗುಂಪಿನ ಮನೆಯವರಿಗೆ ಪ್ರತಿ ತಿಂಗಳು ಅಕ್ಕಿ, ಬೇಳೆ, ವಿಟಮಿನ್ ಮಾತ್ರೆ ಕೊಡಲಾಯಿತು. ಅಷ್ಟರಿಂದಲೇ ಅವರಲ್ಲಿ ಹೊಸದಾಗಿ ಕ್ಷಯ ಬರುವುದು ಶೇಕಡಾ 39ರಷ್ಟು ಕಡಿಮೆಯಾಯಿತು. ಅವರ ಜೀನು ಬದಲಾಗಿರಲಿಲ್ಲ, ತಟ್ಟೆ ಬದಲಾಗಿತ್ತು. ಒಂದು ಮನೆಯಲ್ಲಿ ಹಲವರಿಗೆ ಕ್ಷಯ ಬಂದರೆ ನಾವು ಮೊದಲು ಕೇಳಬೇಕಾದದ್ದು ವಂಶಾವಳಿಯನ್ನಲ್ಲ. ಉಣ್ಣಲು ಸಾಕಷ್ಟಿದೆಯೇ, ಗಾಳಿ ಬೆಳಕಿಗೆ ಕಿಟಕಿ ಇದೆಯೇ, ಮೊದಲ ರೋಗಿ ಔಷಧಿ ಪೂರ್ತಿ ಮುಗಿಸಿದನೇ ಎಂಬುದನ್ನು.

ಹೆತ್ತವರಿಂದ ಬಂದ ಜೀನನ್ನು ಹಿಂದಿರುಗಿಸಲು ಯಾರಿಂದಲೂ ಆಗದು. ಆದ್ದರಿಂದ ರೋಗ ಬಂದವರನ್ನು ದೂಷಿಸುವುದೂ, ಆ ಮನೆಯನ್ನು ದೂರವಿಡುವುದೂ ಅನ್ಯಾಯ. ನಮ್ಮ ಕೈಯಲ್ಲಿರುವುದನ್ನು ಮಾಡೋಣ. ನೀರು ಕುದಿಸಿ ಆರಿಸಿ ಕುಡಿಯಿರಿ. ಮಕ್ಕಳಿಗೆ ಲಸಿಕೆ ತಪ್ಪಿಸಬೇಡಿ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ಮನೆಯಲ್ಲಿ ಒಬ್ಬರಿಗೆ ಕ್ಷಯವೆಂದು ತಿಳಿದರೆ ಉಳಿದವರೆಲ್ಲ ತಪಾಸಣೆಗೆ ಹೋಗಿ. ಅದು ಅವಮಾನವಲ್ಲ, ಜಾಣತನ.